ಸಿಸ್ಟರ್ ಕರೆದರೆ ಡಾಕ್ಟರ್ ಬರಲೇಬೇಕು ಎಂಬ ಆದೇಶ ಹೊರಡಿಸಿ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ವಾರ್ಡಿನಲ್ಲಿ ರೋಗಿಯ ಸ್ಥಿತಿ ಹದಗೆಟ್ಟಾಗ ಶುಶ್ರೂಷಾಧಿಕಾರಿಯ ಕರೆಗೆ ಕಡ್ಡಾಯ ಸ್ಪಂದನೆ ಕುರಿತು.

ಮಾನ್ಯರೇ,

ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡು, ಸರ್ಜಿಕಲ್ ವಾರ್ಡುಗಳಲ್ಲಿ ಬಹುಕಾಲ ದುಡಿದು ನಿವೃತ್ತಳಾದ ಶುಶ್ರೂಷಾಧಿಕಾರಿ ನಾನು. ನಿಮ್ಮಿಂದ ಒಂದೇ ಒಂದು ಆದೇಶ ಕೇಳುತ್ತಿದ್ದೇನೆ. ವಾರ್ಡಿನ ಸಿಸ್ಟರ್ ‘ಈ ಪೇಷಂಟ್ ಯಾಕೋ ಸರಿಯಿಲ್ಲ, ಬಂದು ನೋಡಿ’ ಎಂದು ಕರೆದರೆ ಡ್ಯೂಟಿ ಡಾಕ್ಟರ್ ಗೊತ್ತುಪಡಿಸಿದ ನಿಮಿಷಗಳೊಳಗೆ ಹಾಸಿಗೆಯ ಪಕ್ಕಕ್ಕೆ ಬರಬೇಕು. ಬಾರದಿದ್ದರೆ ಅವರ ಮೇಲಿನವರನ್ನು, ಅವರೂ ಸಿಗದಿದ್ದರೆ ಮತ್ತೂ ಮೇಲಿನವರನ್ನು ಕರೆಯುವ ಅಧಿಕಾರ ಆ ಸಿಸ್ಟರಿಗೆ ಇರಬೇಕು. ಹಾಗೆ ಕರೆದದ್ದಕ್ಕಾಗಿ ಆಕೆಗೆ ಯಾರೂ ಮೆಮೊ ಕೊಡಕೂಡದು.

ಇದು ಈಗಾಗಲೇ ಇದೆಯಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಎಲ್ಲ ವಾರ್ಡಿನಲ್ಲೂ ಡಾಕ್ಟರನ್ನು ಕರೆದದ್ದನ್ನು ಬರೆದಿಡುವ ಕಾಲ್ ಬುಕ್ ಇದೆ, ಡ್ಯೂಟಿ ಡಾಕ್ಟರ ಫೋನ್ ನಂಬರು ಗೋಡೆಗೆ ಅಂಟಿಸಿದೆ. ಆದರೆ ಕಾಲ್ ಬುಕ್ಕಿನಲ್ಲಿ ಸಿಸ್ಟರ್ ಬರೆದ ಹೊತ್ತು ಇರುತ್ತದೆ, ಡಾಕ್ಟರ್ ಬಂದ ಹೊತ್ತಿನ ಕಾಲಂ ಬಹಳ ಕಡೆ ಖಾಲಿ ಇರುತ್ತದೆ. ಆ ಖಾಲಿ ಕಾಲಮ್ಮನ್ನು ಯಾರೂ ಕೇಳುವುದಿಲ್ಲ. ರೋಗಿ ತೀರಿಕೊಂಡ ಮೇಲೆ ಮಾತ್ರ ಆ ಪುಸ್ತಕ ಹೊರಗೆ ಬರುತ್ತದೆ, ಅದೂ ಸಿಸ್ಟರ್ ಎಷ್ಟು ಗಂಟೆಗೆ ಬಿಪಿ ನೋಡಿದಳು ಎಂದು ಹುಡುಕುವುದಕ್ಕೆ.

ನಾನು ಇನ್‌ಚಾರ್ಜ್ ಆಗಿದ್ದ ಬಾಣಂತಿಯರ ವಾರ್ಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಗುತ್ತಿಗೆ ಮೇಲೆ ಬಂದಿದ್ದ ಹುಡುಗಿ, ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ, ನೈಟ್ ಡ್ಯೂಟಿಯಲ್ಲಿದ್ದಳು. ಸಂಜೆ ಸಿಸೇರಿಯನ್ ಆದ ಬಾಣಂತಿಯೊಬ್ಬರು ರಾತ್ರಿ ಹನ್ನೊಂದರ ಸುಮಾರಿಗೆ ಪದೇ ಪದೇ ನೀರು ಕೇಳತೊಡಗಿದರು. ಹೊದಿಕೆ ಒದ್ದು ಸರಿಸುತ್ತಿದ್ದರು. ಪಕ್ಕದಲ್ಲಿದ್ದ ಅವರ ತಾಯಿ ಎದ್ದು ಬಂದು, ‘ಸಿಸ್ಟರ್, ಮಗಳ ಕೈಕಾಲು ತಣ್ಣಗ ಆಗ್ಯಾವ್ರಿ, ಸುಮ್ಮ ಹೊಳ್ಯಾಡಾಕತ್ತಾಳ್ರಿ’ ಅಂದರು. ಸಿಸ್ಟರ್ ನೋಡಿದಾಗ ಬಿಪಿ 104/70, ಪಲ್ಸ್ 126. ಪ್ಯಾಡ್ ಒದ್ದೆಯಾಗಿರಲಿಲ್ಲ. ಮೂತ್ರ ಸಂಗ್ರಹಿಸುವ ಯೂರೋಬ್ಯಾಗಿನಲ್ಲಿ ಎರಡು ತಾಸಿನಿಂದ ಒಂದಿಷ್ಟು ಗಾಢ ಬಣ್ಣದ ಮೂತ್ರ ಬಿಟ್ಟರೆ ಏನೂ ಇಳಿದಿರಲಿಲ್ಲ. ಹೊಟ್ಟೆ ಮುಟ್ಟಿದರೆ ಬಿಗಿ.

ಫೋನ್ ಮಾಡಿದಳು. ‘ಬಿಪಿ ಚೆನ್ನಾಗಿದೆಯಲ್ಲ, ಬ್ಲೀಡಿಂಗೂ ಇಲ್ಲ ಅಂತೀರಿ. ನೋವಿಗೆ ಪಲ್ಸ್ ಜಾಸ್ತಿ ಆಗಿರುತ್ತೆ. ಇಂಜೆಕ್ಷನ್ ಕೊಡಿ, ವಾಚ್ ಮಾಡಿ’ ಎಂಬ ಉತ್ತರ ಬಂತು. ಅರ್ಧ ತಾಸು ಬಿಟ್ಟು ಮತ್ತೆ ಮಾಡಿದಳು, ಅದೇ ಉತ್ತರ. ಕಾಲ್ ಬುಕ್ಕಿನಲ್ಲಿ ಬರೆದು ಆಯಾ ಕೈಯಲ್ಲಿ ಕಳಿಸಿದಳು. ಕೊನೆಗೆ ಮನೆಯಲ್ಲಿ ಮಲಗಿದ್ದ ಯೂನಿಟ್ ಚೀಫ್ ಮೇಡಂಗೇ ಫೋನ್ ಹಚ್ಚಿದಳು. ಅವರು ಬಂದರು, ಹೊಟ್ಟೆ ಮೇಲೆ ಕೈ ಇಟ್ಟರು, ‘ಓಟಿ (ಆಪರೇಷನ್ ಥಿಯೇಟರ್) ರೆಡಿ ಮಾಡಿ’ ಅಂದರು. ಹೊಟ್ಟೆಯೊಳಗೆ ಲೀಟರಿಗೂ ಮೀರಿ ರಕ್ತ ತುಂಬಿತ್ತು. ಬಾಣಂತಿ ಉಳಿದರು, ಮಗುವನ್ನು ಎತ್ತಿಕೊಂಡು ಮನೆಗೆ ಹೋದರು.

ಮರುವಾರ ಆ ಹುಡುಗಿಗೆ ಮೆಮೊ ಬಂತು. ಡ್ಯೂಟಿ ಡಾಕ್ಟರನ್ನು ಮೀರಿ ಹಿರಿಯ ವೈದ್ಯರಿಗೆ ನೇರವಾಗಿ ಫೋನ್ ಮಾಡಿದ್ದು ಶಿಸ್ತಿನ ಉಲ್ಲಂಘನೆ, ಮೂರು ದಿನದೊಳಗೆ ವಿವರಣೆ ಕೊಡಬೇಕು. ಗುತ್ತಿಗೆ ನವೀಕರಣ ಹತ್ತಿರದಲ್ಲೇ ಇತ್ತು. ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದು ಬರೆದುಕೊಟ್ಟಳು. ಒಂದು ಜೀವ ಉಳಿಸಿದ ಕೆಲಸವನ್ನು ಇನ್ನು ಮಾಡುವುದಿಲ್ಲ ಎಂದು ಆಕೆಯಿಂದ ಬರೆಸಿಕೊಂಡರು. ವಾರ್ಡಿನ ಉಳಿದ ಹುಡುಗಿಯರೆಲ್ಲ ಆ ಕಾಗದ ನೋಡಿದರು. ಮುಂದಿನ ರಾತ್ರಿಗಳಲ್ಲಿ ಅವರಲ್ಲಿ ಎಷ್ಟು ಮಂದಿ ಮೂರನೇ ಫೋನ್ ಮಾಡಿಯಾರು? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆ ಹುಡುಗಿ ಕಂಡದ್ದು ಏನು ಎಂಬುದನ್ನು ವಿವರಿಸಬೇಕು. ನರ್ಸಿನ ವಿವೇಚನೆ ಅಂದರೆ ಏನೋ ಅಂದಾಜು, ಮನಸ್ಸಿನ ಹೆದರಿಕೆ ಎಂದು ಆಡಳಿತದವರು ಬಹಳ ಸಲ ತಿಳಿದಿರುತ್ತಾರೆ. ಆರೋಗ್ಯವಂತ ಹರೆಯದ ಹೆಂಗಸಿಗೆ ಒಳಗೊಳಗೇ ರಕ್ತ ಸೋರುತ್ತಿದ್ದರೆ ದೇಹ ಬಹಳ ಹೊತ್ತು ಅದನ್ನು ಮುಚ್ಚಿಟ್ಟುಕೊಳ್ಳುತ್ತದೆ. ಕೈಕಾಲಿನ, ಚರ್ಮದ, ಮೂತ್ರಪಿಂಡದ ರಕ್ತನಾಳಗಳು ಬಿಗಿದುಕೊಂಡು ಹೃದಯ, ಮೆದುಳಿಗೆ ರಕ್ತ ಉಳಿಸುತ್ತವೆ. ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಅದಕ್ಕೇ. ಹೃದಯ ಜೋರಾಗಿ ಬಡಿದು ಬಿಪಿಯನ್ನು ಎತ್ತಿ ಹಿಡಿದಿರುತ್ತದೆ. ಬಿಪಿ ಬೀಳುವ ಹೊತ್ತಿಗೆ ಬಹಳ ರಕ್ತ ಹೋಗಿಬಿಟ್ಟಿರುತ್ತದೆ. ಅದಕ್ಕಾಗಿಯೇ ಪಲ್ಸನ್ನು ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಿ ನೋಡುವ ಲೆಕ್ಕವೊಂದಿದೆ, ಶಾಕ್ ಇಂಡೆಕ್ಸ್ ಅನ್ನುತ್ತಾರೆ. ಬಾಣಂತಿಯರಲ್ಲಿ ಅದು 0.9 ದಾಟಿದರೆ ಎಚ್ಚರ ವಹಿಸಬೇಕು. ಅಂದು ಅದು 1.2 ಇತ್ತು. ಫೋನಿನಲ್ಲಿ ‘ಬಿಪಿ ಚೆನ್ನಾಗಿದೆ’ ಎಂದು ಕೇಳಿಸಿದ ಅದೇ ಅಂಕಿ, ಹಾಸಿಗೆಯ ಪಕ್ಕ ನಿಂತವಳಿಗೆ ಅಪಾಯದ ಅಂಕಿಯಾಗಿತ್ತು. ಬಾಯಾರಿಕೆ, ಚಡಪಡಿಕೆ, ತಣ್ಣನೆಯ ಪಾದ, ತಾಯಿಯ ಆತಂಕ ಇವನ್ನೆಲ್ಲ ಒಟ್ಟಿಗೆ ಇಟ್ಟು ಓದುವುದಕ್ಕೆ ಕ್ಲಿನಿಕಲ್ ಜಡ್ಜ್‌ಮೆಂಟ್ ಎನ್ನುತ್ತೇವೆ. ಅದು ಓದಿನಿಂದ, ಅಭ್ಯಾಸದಿಂದ ಬರುವ ವಿದ್ಯೆ. ಫೋನಿನಲ್ಲಿ ಅದನ್ನು ಪೂರ್ತಿ ದಾಟಿಸಲಾಗುವುದಿಲ್ಲ, ಬಂದು ನೋಡಲೇಬೇಕು.

ಡಾಕ್ಟರುಗಳನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆ ರಾತ್ರಿಯ ಡ್ಯೂಟಿ ಡಾಕ್ಟರ್ ಬೆಳಗಿನಿಂದ ಓಟಿಯಲ್ಲಿ ನಿಂತಿದ್ದವರು, ಕ್ಯಾಶುಯಾಲ್ಟಿಯನ್ನೂ ಲೇಬರ್ ರೂಮನ್ನೂ ಒಬ್ಬರೇ ನೋಡುತ್ತಿದ್ದರು. ಚೀಫನ್ನು ಎಬ್ಬಿಸಲು ಅವರಿಗೂ ಹೆದರಿಕೆ. ಸಿಸ್ಟರ್ ಡ್ಯೂಟಿ ಡಾಕ್ಟರಿಗೆ ಹೆದರಬೇಕು, ಡ್ಯೂಟಿ ಡಾಕ್ಟರ್ ಚೀಫಿಗೆ ಹೆದರಬೇಕು ಎಂಬ ಏರ್ಪಾಡಿನಲ್ಲಿ ಕರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಆದೇಶ ಬಂದರೆ ಆ ಕಿರಿಯ ಡಾಕ್ಟರಿಗೂ ರಕ್ಷಣೆ ಸಿಗುತ್ತದೆ. ‘ನಿಯಮ ಇದೆ ಮೇಡಂ, ಅದಕ್ಕೆ ಎಬ್ಬಿಸಿದೆ’ ಎಂದು ಅವರೂ ಹೇಳಬಹುದು.

ನಾನು ಕೇಳುತ್ತಿರುವುದು ಹೊಸ ಕಲ್ಪನೆಯೂ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರಲ್ಲೇ ತುರ್ತು ತಂಡವೊಂದನ್ನು ಕಟ್ಟಿದರು. ವಾರ್ಡಿನ ನರ್ಸ್ ನೇರವಾಗಿ ಅದನ್ನು ಕರೆಯಬಹುದಿತ್ತು. ಯಾವಾಗ ಕರೆಯಬೇಕು ಎಂಬ ಪಟ್ಟಿಯಲ್ಲಿ ಪಲ್ಸ್, ಬಿಪಿ, ಉಸಿರಾಟದ ಮಿತಿಗಳ ಜೊತೆಗೆ ‘ರೋಗಿಯ ಬಗ್ಗೆ ಚಿಂತೆಯಾಗಿದೆ’ ಎಂಬುದೂ ಒಂದು ಕಾರಣವಾಗಿತ್ತು. ಅಂಕಿಗಳೆಲ್ಲ ಸರಿಯಿದ್ದರೂ ನರ್ಸಿಗೆ ಚಿಂತೆಯಾದರೆ ಸಾಕು, ಕರೆಯಬಹುದು. ಬ್ರಿಟನ್ನಿನಲ್ಲಿ 2012ರಿಂದ ನ್ಯೂಸ್ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಎಂಬ ಮುನ್ನೆಚ್ಚರಿಕೆಯ ಸ್ಕೋರ್ ಬಂತು. ಉಸಿರಾಟ, ಆಕ್ಸಿಜನ್, ಬಿಪಿ, ಪಲ್ಸ್, ಪ್ರಜ್ಞೆ, ಜ್ವರಗಳಿಗೆ ಅಂಕ ಹಾಕಿ ಕೂಡಿದಾಗ 5 ಬಂದರೆ ತುರ್ತಾಗಿ ನೋಡಬೇಕು, 7 ಆದರೆ ತಂಡವೇ ಬರಬೇಕು. ಗರ್ಭಿಣಿ, ಬಾಣಂತಿಯರ ದೇಹ ಬೇರೆ ರೀತಿ ವರ್ತಿಸುವುದರಿಂದ ಆ ಸ್ಕೋರ್ ಅವರಿಗೆ ಹೊಂದುವುದಿಲ್ಲ. ಅವರಿಗಾಗಿ ಪ್ರತ್ಯೇಕ ಎಚ್ಚರಿಕೆ ಚಾರ್ಟ್ ಇರಬೇಕೆಂದು ಅಲ್ಲಿನ ತಾಯಂದಿರ ಸಾವುಗಳ ವಿಚಾರಣಾ ವರದಿ 2007ರಲ್ಲಿ ಶಿಫಾರಸು ಮಾಡಿತು. ಹಳದಿ, ಕೆಂಪು ಬಣ್ಣ ಹಾಕಿದ ಒಂದು ಹಾಳೆ ಸಾಕು, ಅದನ್ನು ಮುದ್ರಿಸಲು ಯಾವ ಟೆಂಡರೂ ಬೇಕಾಗದು.

ಆದರೆ ಹಾಳೆ ಹಂಚಿ ಕೈತೊಳೆದುಕೊಳ್ಳಬೇಡಿ ಎಂದು ಬೇಡಿಕೊಳ್ಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟಿನ ಆರಂಭದ ಪ್ರಯೋಗ ನಡೆದದ್ದು ನಮ್ಮ ಕರ್ನಾಟಕದ ಆಸ್ಪತ್ರೆಯಲ್ಲೇ, ಫಲಿತಾಂಶ 2012ರಲ್ಲಿ ಪ್ರಕಟವಾಯಿತು, ಆಶಾದಾಯಕವಾಗಿತ್ತು. ಆಮೇಲೆ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡು ದೊಡ್ಡ ಪರೀಕ್ಷೆ ನಡೆಯಿತು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಸಿಬ್ಬಂದಿ ಮಾಡಬೇಕಾದ ಕೆಲಸಗಳನ್ನು ಹೆಚ್ಚು ಮಾಡಿದ್ದರು, ಆದರೂ ತಾಯಿ ಮಕ್ಕಳ ಸಾವು ಕಡಿಮೆಯಾಗಿರಲಿಲ್ಲ. ನನ್ನ ಅನುಭವದಲ್ಲಿ ಇದಕ್ಕೆ ಕಾರಣ ಊಹಿಸುವುದು ಕಷ್ಟವಿಲ್ಲ. ಅಪಾಯ ಗುರುತಿಸಿದ ಮೇಲೆ ಬರುವವರು ಯಾರು, ರಕ್ತ ಎಲ್ಲಿದೆ, ಓಟಿ ತೆರೆಯುವವರು ಯಾರು ಎಂಬುದಕ್ಕೆ ಚೆಕ್‌ಲಿಸ್ಟ್ ಉತ್ತರ ಕೊಡುವುದಿಲ್ಲ.

ಇದರ ಪಕ್ಕದಲ್ಲಿ ಆಫ್ರಿಕಾದ ಒಂದು ಪ್ರಯೋಗವನ್ನು ಇಟ್ಟು ನೋಡಿ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಯಾದ 2 ಲಕ್ಷಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ಇ-ಮೋಟಿವ್ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಹೆರಿಗೆಯಾದ ಕೂಡಲೇ ಕೆಳಗೆ ಅಳತೆ ಗೆರೆಗಳಿದ್ದ ಪ್ಲಾಸ್ಟಿಕ್ ಹಾಸು ಹಾಕಿ ರಕ್ತ ಅಳೆದರು. ಕಣ್ಣಂದಾಜಿಗೆ ಬಿಟ್ಟರೆ ಎಲ್ಲರೂ ಕಡಿಮೆಯೇ ಹೇಳುತ್ತೇವೆ, ಆ ಹಾಸು ಅದಕ್ಕೆ ಅವಕಾಶ ಕೊಡಲಿಲ್ಲ. ಗೆರೆ ಮುಟ್ಟಿದೊಡನೆ ಗರ್ಭಕೋಶದ ಮಸಾಜ್, ರಕ್ತಸ್ರಾವ ತಡೆಯುವ ಔಷಧಗಳಾದ ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆ್ಯಸಿಡ್, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ಬೆನ್ನಿಗೆ ಒಂದು ಕಾಯದೆ, ಒಟ್ಟಿಗೇ ಶುರು ಮಾಡಿದರು. ಹೆಚ್ಚಿನ ಕಡೆ ಇದನ್ನು ಮಾಡಿದವರು ಹೆರಿಗೆ ಕೋಣೆಯ ಸೂಲಗಿತ್ತಿ ನರ್ಸುಗಳೇ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯಬೇಕಾದ ಪ್ರಸಂಗ, ರಕ್ತಸ್ರಾವದ ಸಾವು ಇವೆಲ್ಲ ಸೇರಿ ಶೇ 60ರಷ್ಟು ತಗ್ಗಿದವು. ಕಂಡವಳ ಕೈಯಲ್ಲೇ ಮಾಡುವ ಅಧಿಕಾರವನ್ನೂ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಒಂದು ಆಕ್ಷೇಪ ಖಂಡಿತ ಬರುತ್ತದೆ. ಸಿಸ್ಟರುಗಳಿಗೆ ಅಧಿಕಾರ ಕೊಟ್ಟರೆ ತಮಗೆ ತೋಚಿದ್ದು ಮಾಡುತ್ತಾರೆ, 2025ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಮಗುವಿನ ಗಾಯಕ್ಕೆ ಹೊಲಿಗೆಯ ಬದಲು ಫೆವಿಕ್ವಿಕ್ ಹಚ್ಚಿದ್ದು ಮರೆತಿರಾ ಎಂದು ಕೇಳುತ್ತಾರೆ. ಮರೆತಿಲ್ಲ. ಅಂಗಡಿಯ ಅಂಟನ್ನು ಮಗುವಿನ ಗಾಯಕ್ಕೆ ಹಾಕುವುದನ್ನು ನಾನು ಯಾವ ಕಾಲಕ್ಕೂ ಸಮರ್ಥಿಸುವುದಿಲ್ಲ. ಆದರೆ ಆ ಪ್ರಕರಣ ನನ್ನ ಬೇಡಿಕೆಯ ವಿರುದ್ಧ ನಿಲ್ಲುವುದಿಲ್ಲ. ಒಬ್ಬಂಟಿಯಾಗಿ ನಿರ್ಧರಿಸುವ ಅಧಿಕಾರವನ್ನು ನಾನು ಕೇಳುತ್ತಿಲ್ಲ, ಹಿರಿಯರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಳುತ್ತಿದ್ದೇನೆ. ಕರೆದರೆ ಬರುತ್ತಾರೆ ಎಂಬ ಭರವಸೆ ಇದ್ದಲ್ಲಿ ಯಾರೂ ಇಂಥ ಅಡ್ಡ ಉಪಾಯ ಹುಡುಕಲು ಹೋಗುವುದಿಲ್ಲ. ಹತ್ತು ಕರೆಗಳಲ್ಲಿ ಕೆಲವು ಸುಮ್ಮನೆ ಕರೆದದ್ದು ಅನ್ನಿಸಲೂಬಹುದು. ಆ ನಿದ್ದೆಗೇಡಿನ ಬೆಲೆ ಕೊಡಲು ನಾವು ತಯಾರಿರಬೇಕು.

ಇನ್ನು ಬಳ್ಳಾರಿ. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ತೀರಿಕೊಂಡರು. ಡ್ರಿಪ್‌ಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆ ತಡೆಯಿತು, ತನಿಖೆ, ಲ್ಯಾಬ್ ವರದಿ, ಖರೀದಿ ಕಡತ ಎಲ್ಲದರ ಬಗ್ಗೆ ರಾಜ್ಯವೇ ಮಾತಾಡಿತು. ವಾರ್ಡಿನ ಬಗ್ಗೆ ಮಾತು ಬಂದದ್ದು ಕಡಿಮೆ. ಬಾಟಲಿಯನ್ನು ಸ್ಟ್ಯಾಂಡಿಗೆ ನೇತುಹಾಕುವ ಕೊನೆಯ ಕೈ ಸಿಸ್ಟರಿನದು. ಡ್ರಿಪ್ ಶುರುವಾದ ಮೇಲೆ ನಡುಕ ಬಂದರೆ, ಮೂತ್ರ ನಿಂತರೆ ಮೊದಲು ಕಾಣುವುದೂ ಅವಳಿಗೇ. ಒಬ್ಬ ಬಾಣಂತಿಗೆ ನಡುಕ ಬಂದರೆ ಅದು ಒಂದು ಕೇಸು. ಅದೇ ಬ್ಯಾಚಿನ ಬಾಟಲಿ ಹಾಕಿದ ಇನ್ನೊಬ್ಬರಿಗೂ ಬಂದರೆ ಆ ಎರಡನ್ನು ಜೋಡಿಸಿ ನೋಡಬಲ್ಲವಳು ಅದೇ ಪಾಳಿಯ ಸಿಸ್ಟರ್. ಆ ಕ್ಷಣ ‘ಈ ಬ್ಯಾಚ್ ಇನ್ನು ಯಾರಿಗೂ ಹಾಕಬೇಡಿ’ ಎಂದು ಇಡೀ ಆಸ್ಪತ್ರೆಗೆ ಹೇಳುವ ಅಧಿಕಾರ ಅವಳಿಗಿದೆಯೇ? ಇಂದಿನ ಸ್ಥಿತಿಯಲ್ಲಿ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ತರಿಸಿದ ಸ್ಟಾಕನ್ನು ಅವಳು ಬದಿಗಿಟ್ಟರೆ ಸ್ಟೋರಿನವರು ಮೊದಲು ಅವಳನ್ನೇ ಪ್ರಶ್ನಿಸುತ್ತಾರೆ. ಕೇಸ್ ಶೀಟಿನಲ್ಲಿ ಬ್ಯಾಚ್ ನಂಬರ್ ಬರೆಯುವ ಜಾಗವೇ ಎಷ್ಟೋ ಕಡೆ ಇಲ್ಲ. ಅನುಮಾನ ಬಂದ ಬ್ಯಾಚನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಅಧಿಕಾರವನ್ನು ಆದೇಶದಲ್ಲಿ ಸೇರಿಸಿ. ತಡೆದದ್ದು ತಪ್ಪಾದರೆ ಕೆಲವು ಬಾಟಲಿಗಳು ಒಂದು ದಿನ ಕಪಾಟಿನಲ್ಲಿ ಕೂರುತ್ತವೆ, ಅಷ್ಟೇ ನಷ್ಟ.

ವಾರ್ಡಿನಲ್ಲಿ ಎಷ್ಟು ಮಂದಿ ಸಿಸ್ಟರುಗಳಿರುತ್ತಾರೆ ಎಂಬುದನ್ನು ಬಿಟ್ಟು ಇದ್ಯಾವುದನ್ನೂ ಮಾತಾಡಲಾಗದು. ರೋಗಿ ಹದಗೆಡುವ ಮೊದಲ ಸೂಚನೆಗಳಲ್ಲಿ ಉಸಿರಾಟದ ವೇಗ ಮುಖ್ಯವಾದದ್ದು. ಯಂತ್ರವಿಲ್ಲದ ವಾರ್ಡಿನಲ್ಲಿ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ ಎಣಿಸಬೇಕು. 40 ಹಾಸಿಗೆಗೆ ಒಬ್ಬರೇ ಇದ್ದರೆ ಒಂದು ಸುತ್ತಿಗೆ ಬರೀ ಉಸಿರು ಎಣಿಸಲು 40 ನಿಮಿಷ ಬೇಕು, ಇಂಜೆಕ್ಷನ್, ಡ್ರಿಪ್, ಡ್ರೆಸ್ಸಿಂಗ್, ಹೊಸ ಅಡ್ಮಿಷನ್, ಆನ್‌ಲೈನ್ ಎಂಟ್ರಿ ಎಲ್ಲ ಆಮೇಲೆ. ಯಾವುದಾದರೂ ವಾರ್ಡಿನ ಟಿಪಿಆರ್ (ಜ್ವರ, ಪಲ್ಸ್, ಉಸಿರಾಟ ಬರೆಯುವ) ಚಾರ್ಟುಗಳನ್ನು ತರಿಸಿ ನೋಡಿ. ಎಲ್ಲರ ಉಸಿರಾಟವೂ 20 ಎಂದೇ ಬರೆದಿದ್ದರೆ ಅಲ್ಲಿ ಯಾರೂ ಎಣಿಸಿಲ್ಲ ಎಂದೇ ಅರ್ಥ. ಅದಕ್ಕೆ ಸಿಸ್ಟರನ್ನು ಅಮಾನತು ಮಾಡಿದರೆ ಮರುದಿನ 20ರ ಬದಲು 18 ಎಂದು ಬರೆಯುತ್ತಾರೆ, ಬೇರೇನೂ ಬದಲಾಗದು. ಬೋಧನಾ ಆಸ್ಪತ್ರೆಯಲ್ಲಿ ಮೂರು ಹಾಸಿಗೆಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ಹಾಸಿಗೆಗೆ ಒಬ್ಬರು ಎಂಬ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಕಾಗದದಲ್ಲಿದೆ. ಪಾಳಿ, ವಾರದ ರಜೆಗಳಿಗೆ ಹಂಚಿದ ಮೇಲೆ ರಾತ್ರಿಗೆ ಉಳಿಯುವವರು ಎಷ್ಟು ಎಂದು ಎಣಿಸಿ ನೋಡಿ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ಅಲ್ಲಿ ನಾಲ್ಕು ಜನವೋ ಎಂಟು ಜನವೋ ಎಂಬ ಚರ್ಚೆ. ನಮ್ಮ 40ರ ಬಗ್ಗೆ ಯೋಚಿಸಲೂ ಭಯವಾಗುತ್ತದೆ.

ಕಾನೂನಿನ ವಿಷಯವನ್ನೂ ನಿಮ್ಮ ಗಮನಕ್ಕೆ ತರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಶಿಕ್ಷೆ. ಚಿಕಿತ್ಸೆ ನೀಡುವಾಗ ನೋಂದಾಯಿತ ವೈದ್ಯರಿಂದ ಆದರೆ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರು ಎಂಬ ವಿವರಣೆಯೊಳಗೆ ನರ್ಸುಗಳು ಬರುವುದಿಲ್ಲ. ಅಂದರೆ ಒಂದೇ ಹಾಸಿಗೆಯ ಪಕ್ಕ, ಒಂದೇ ರೋಗಿಯ ವಿಷಯದಲ್ಲಿ, ಔಷಧ ಬರೆದವರಿಗಿಂತ ಅದನ್ನು ಕೊಟ್ಟವಳಿಗೆ ಹೆಚ್ಚಿನ ಶಿಕ್ಷೆ. ವೈದ್ಯರ ಮೇಲೆ ಕ್ರಿಮಿನಲ್ ಕ್ರಮಕ್ಕೆ ಮುನ್ನ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಅದೇ ಎಚ್ಚರವನ್ನು ಶುಶ್ರೂಷಾಧಿಕಾರಿಗಳ ವಿಷಯದಲ್ಲೂ ಪಾಲಿಸಿ ಎಂದು ಗೃಹ ಇಲಾಖೆಯಿಂದ ಪೊಲೀಸರಿಗೆ ಸುತ್ತೋಲೆ ಕೊಡಿಸಿ. ಕಲಂ ತಿದ್ದುಪಡಿಗೆ ಕೇಂದ್ರಕ್ಕೆ ಬರೆಯಿರಿ. ಅಮೆರಿಕದ ಟೆನೆಸ್ಸಿಯಲ್ಲಿ ತಪ್ಪು ಔಷಧ ಕೊಟ್ಟದ್ದನ್ನು ಮುಚ್ಚಿಡದೆ ತಾನೇ ಒಪ್ಪಿಕೊಂಡ ನರ್ಸ್‌ಗೆ 2022ರಲ್ಲಿ ಕ್ರಿಮಿನಲ್ ಶಿಕ್ಷೆಯಾದಾಗ ಅಲ್ಲಿನ ನರ್ಸುಗಳು ಕೇಳಿದ್ದು ಒಂದೇ ಮಾತು, ಇನ್ನು ಯಾರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಾರೆ? ತಪ್ಪು ವರದಿಯಾಗದಿದ್ದರೆ ಒಂದೇ ಥರ ಕಾಣುವ ಎರಡು ಬೇರೆ ಇಂಜೆಕ್ಷನ್‌ಗಳ ಆಂಪೂಲುಗಳು (ಸಣ್ಣ ಗಾಜಿನ ಶೀಶೆಗಳು) ಒಂದೇ ಟ್ರೇಯಲ್ಲಿ ಹಾಗೇ ಇರುತ್ತವೆ, ಮುಂದಿನ ಪಾಳಿಯವಳ ಕೈಗೆ ಕಾಯುತ್ತ.

ತಾಲ್ಲೂಕು ಆಸ್ಪತ್ರೆಗಳಿಗೆ ಆದೇಶ ಬೇರೆ ರೀತಿ ಇರಬೇಕು. ಅಲ್ಲಿ ಮೇಲಿನವರು ಎಂದರೆ ಯಾರು? ಇರುವುದೇ ಒಬ್ಬ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು ರಜೆಯಲ್ಲಿದ್ದರೆ ಆಪರೇಷನ್ನೇ ಇಲ್ಲ. ಅಲ್ಲಿನ ಸಿಸ್ಟರಿಗೆ ಜಿಲ್ಲಾ ಆಸ್ಪತ್ರೆಯ ತಜ್ಞರೊಬ್ಬರ ಫೋನ್ ದಿನದ 24 ಗಂಟೆಯೂ ಸಿಗಬೇಕು. ಅವರು ಕಳಿಸಿ ಎಂದರೆ 108 ಬರುವ ತನಕ ಏನೇನು ಶುರು ಮಾಡಬೇಕು ಎಂಬುದು ಮೊದಲೇ ಬರೆದು ಸಹಿ ಮಾಡಿಟ್ಟಿರಬೇಕು. ಆ ನಲವತ್ತು ಐವತ್ತು ಕಿಲೋಮೀಟರಿನ ದಾರಿಯಲ್ಲಿ ಬಾಣಂತಿಯ ಜೊತೆ ಹೋಗುವುದೂ ಎಷ್ಟೋ ಸಲ ಅದೇ ಸಿಸ್ಟರ್.

ಮನೆಯವರನ್ನೂ ಬಿಡಬೇಡಿ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 2021ರಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೋಂಕು ರಕ್ತಕ್ಕೇರಿ ತೀರಿಕೊಂಡಳು. ಮಗಳು ಹದಗೆಡುತ್ತಿದ್ದಾಳೆ ಎಂದು ತಂದೆತಾಯಿ ಹೇಳುತ್ತಲೇ ಇದ್ದರು. ಆಕೆಯ ಹೆಸರಿನಲ್ಲೇ ಬಂದ ನಿಯಮದ ಪ್ರಕಾರ 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಹಂತ ಹಂತವಾಗಿ ರೋಗಿಯ ಮನೆಯವರೇ ಬೇರೆ ತಂಡದಿಂದ ತುರ್ತು ತಪಾಸಣೆ ಕೇಳಬಹುದಾಗಿದೆ. ಮಗಳ ಪಾದ ತಣ್ಣಗಾಗಿದೆ ಎಂದು ಮೊದಲು ಕಂಡುಕೊಂಡದ್ದು ನನ್ನ ವಾರ್ಡಿನ ಆ ತಾಯಿ. ಆಕೆಗೆ ಓದು ಬರುತ್ತಿರಲಿಲ್ಲ. ‘ಮನೆಯವರ ಆತಂಕ’ ಎಂಬ ಒಂದು ಸಾಲು ಚಾರ್ಟಿನಲ್ಲಿರಲಿ.

ಆದೇಶದ ಕರಡು ಬರೆಯಲು ಸಮಿತಿ ಮಾಡುತ್ತೀರೆಂದು ಗೊತ್ತು. ಅದರಲ್ಲಿ ನಿರ್ದೇಶಕರು, ಪ್ರಾಧ್ಯಾಪಕರು ಇರಲಿ. ಜೊತೆಗೆ ಈಗಲೂ ನೈಟ್ ಡ್ಯೂಟಿ ಮಾಡುತ್ತಿರುವ ಶುಶ್ರೂಷಾಧಿಕಾರಿಗಳು ಇರಬೇಕು, ಜಿಲ್ಲಾ ಆಸ್ಪತ್ರೆಯಿಂದ ಒಬ್ಬರು, ತಾಲ್ಲೂಕು ಆಸ್ಪತ್ರೆಯಿಂದ ಒಬ್ಬರು, ಗುತ್ತಿಗೆಯವರಲ್ಲಿ ಒಬ್ಬರು. ಸಭೆಯ ದಿನವನ್ನು ಅವರಿಗೆ ಡ್ಯೂಟಿ ಎಂದೇ ಲೆಕ್ಕ ಹಾಕಿ, ಇಲ್ಲದಿದ್ದರೆ ಅವರ ವಾರ್ಡಿಗೆ ಬದಲಿ ಸಿಗುವುದಿಲ್ಲ, ಅವರು ಬರುವುದೂ ಇಲ್ಲ. ಮೊದಲ ಸಭೆಗೆ ಯಾವುದಾದರೂ ಮೂರು ಆಸ್ಪತ್ರೆಗಳ ಕಾಲ್ ಬುಕ್ಕುಗಳನ್ನು ತರಿಸಿ, ಡಾಕ್ಟರ್ ಬಂದ ಹೊತ್ತಿನ ಕಾಲಮ್ಮಿನಿಂದ ಓದಲು ಶುರುಮಾಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಶುಶ್ರೂಷಾಧಿಕಾರಿ